ಗೋಡೆ ಸರಿಸಿದರೆ ಖಾತೆ ಬದಲಾಗದು

ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಓದುವ ಮಕ್ಕಳಿರುವ ಅನೇಕ ಮನೆಗಳಲ್ಲಿ ಒಂದೇ ಕಂಪ್ಯೂಟರಿನೊಳಗೆ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುತ್ತವೆ. ಕೆಲವು ತಿಂಗಳಲ್ಲಿ ಲಿನಕ್ಸಿಗೆ ಕೊಟ್ಟ ಜಾಗ ಸಾಲದಾಗುತ್ತದೆ. ಮಗನೋ ಮಗಳೋ ಡಿಸ್ಕಿನ ವಿಭಾಗಗಳನ್ನು, ಅಂದರೆ ಪಾರ್ಟಿಶನ್‌ಗಳನ್ನು, ಹಿಗ್ಗಿಸಿ ಕುಗ್ಗಿಸುತ್ತಾರೆ. ಆಮೇಲೊಂದು ದಿನ ಪರದೆಯ ಮೂಲೆಯಲ್ಲಿ 'ಆಕ್ಟಿವೇಟ್ ವಿಂಡೋಸ್' ಎಂಬ ಮಸುಕು ಬರಹ ಕಾಣಿಸುತ್ತದೆ. 'ಫಾರ್ಮ್ಯಾಟ್ ಮಾಡಿ, ಹೊಸ ಕೀ ಕೊಳ್ಳಿ' ಎಂದು ಸಲಹೆ ಕೊಡುವವರಿಗೇನೂ ಕೊರತೆಯಿಲ್ಲ. ಹಣ ತೆರುವ ಮುಂಚೆ ವಿಷಯ ತಿಳಿಯೋಣ.

ಒಂದು ಪ್ರತಿಯನ್ನು ಕೊಂಡು ಹತ್ತು ಯಂತ್ರಗಳಿಗೆ ಹಾಕುವುದನ್ನು ತಡೆಯಲು ಮಾಡಿದ ಏರ್ಪಾಡೇ ಆಕ್ಟಿವೇಶನ್. ವಿಂಡೋಸಿನ ಬಳಕೆದಾರರಿಗೆ ಇದು ಪರಿಚಯವಾದದ್ದು 2001ರಲ್ಲಿ, ಎಕ್ಸ್‌ಪಿ ಜೊತೆಗೆ. 2015ರಲ್ಲಿ ಬಂದ ವಿಂಡೋಸ್ 10ರಿಂದೀಚೆಗೆ ಪರವಾನಗಿಯು ಯಂತ್ರಾಂಶದ, ಅದರಲ್ಲೂ ಮದರ್‌ಬೋರ್ಡಿನ ಗುರುತಿನೊಡನೆ ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ ದಾಖಲಾಗುತ್ತದೆ. ವಿಂಡೋಸ್ ಸಮೇತ ಮಾರಾಟವಾಗುವ ಲ್ಯಾಪ್‌ಟಾಪ್‌ಗಳಲ್ಲಿ, 2012ರ ವಿಂಡೋಸ್ 8ರ ಕಾಲದಿಂದ, 25 ಅಕ್ಷರಗಳ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನ ಚಿಪ್‌ನಲ್ಲೇ ಇರುತ್ತದೆ. ವಿಭಾಗದ ಅಳತೆ ಈ ಲೆಕ್ಕದಲ್ಲಿ ಬರುವುದಿಲ್ಲ. ಅಡುಗೆಮನೆಯ ಗೋಡೆ ಸರಿಸಿದರೆ ಮನೆಯ ಖಾತೆ ಬೇರೆಯವರ ಹೆಸರಿಗೆ ಹೋಗುತ್ತದೆಯೇ?

ಹಾಗಾದರೆ ಬರಹ ಬಂದದ್ದೇಕೆ? ಕಾರಣಗಳು ಸಾಮಾನ್ಯವಾಗಿ ಮೂರು. ಮೊದಲನೆಯದು, ನಡುವೆ ಯಾರೋ ವಿಂಡೋಸನ್ನು ಹೊಸದಾಗಿ ಹಾಕಿರುತ್ತಾರೆ: ಪರವಾನಗಿ 'ಹೋಮ್'ಗೆ, ಹಾಕಿದ್ದು 'ಪ್ರೊ'. ಎರಡನೆಯದು, ಸಂಸ್ಥೆಗಳಿಗಾಗಿ ಇರುವ ಕೆಎಂಎಸ್ ವಿಧಾನದ ಪ್ರತಿ. ಅದರ ಆಕ್ಟಿವೇಶನ್ 180 ದಿನಗಳದ್ದು, ನವೀಕರಿಸದಿದ್ದರೆ ಮುಗಿಯುತ್ತದೆ. ಅಂಗಡಿಗಳಲ್ಲಿ ಕದ್ದು ಹಾಕಿಕೊಡುವ ಪ್ರತಿಗಳಲ್ಲೂ ಇದರ ನಕಲು ಉಂಟು. ಗಡುವು ತೀರಿದ್ದಕ್ಕೂ ಪಾರ್ಟಿಶನ್ ಸರಿಸಿದ್ದಕ್ಕೂ ಸಂಬಂಧವಿಲ್ಲ. ಕಾಗೆ ಕೂತಿತು, ಕೊಂಬೆ ಮುರಿಯಿತು, ಅಷ್ಟೆ. ಮೂರನೆಯದು, ಹಳೆಯ ವಿಂಡೋಸ್ 7. ಅಲ್ಲಿ ವಿಭಾಗದ ಆರಂಭದ ಜಾಗ ಸರಿದರೆ 'ಸಿ' ಡ್ರೈವಿನ ಅಕ್ಷರವೇ ಬದಲಾಗಿ, ತನ್ನ ಕಡತಗಳು ಸಿಗದೆ 'ಈ ಪ್ರತಿ ಅಸಲಿಯಲ್ಲ' ಎನ್ನುವುದುಂಟು. ಅಕ್ಷರ ಸರಿಪಡಿಸಬೇಕೇ ಹೊರತು ಕೀ ಕೊಳ್ಳಬೇಕಿಲ್ಲ.

ವಿಂಡೋಸ್ 11ರಲ್ಲಿ ಅಂತರಜಾಲ ಜೋಡಿಸಿಕೊಂಡು ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್ ಎಂಬಲ್ಲಿಗೆ ಹೋಗಿ. ಆವೃತ್ತಿ ಯಾವುದು, ತೊಂದರೆ ಏನು ಎಂಬುದು ಅಲ್ಲೇ ಬರೆದಿರುತ್ತದೆ. ಟ್ರಬಲ್‌ಶೂಟ್ ಗುಂಡಿಯನ್ನೂ ಒತ್ತಿ ನೋಡಿ.

ನಿಜಕ್ಕೂ ಹೆದರಬೇಕಾದ ಪರದೆ ಬೇರೆ ಇದೆ. ಅದು ನೀಲಿ ಬಣ್ಣದ್ದು. 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಇದನ್ನು ಆಕ್ಟಿವೇಶನ್ ಎಂದು ತಪ್ಪು ತಿಳಿಯುವವರಿದ್ದಾರೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ ಡಿಸ್ಕ್ ಹಲವು ಬಾರಿ ತಾನಾಗಿಯೇ ಗೂಢಲಿಪಿಗೆ ತಿರುಗಿರುತ್ತದೆ. ಲಿನಕ್ಸಿಗಾಗಿ ಸೆಕ್ಯೂರ್ ಬೂಟ್ ಬದಲಿಸಿದರೆ ಯಂತ್ರ ಸಂಶಯಪಟ್ಟು ಆ ಅಂಕಿಗಳನ್ನು ಕೇಳಬಹುದು. ಅವು ಸಿಗದಿದ್ದರೆ ಪ್ರಾಜೆಕ್ಟ್ ವರದಿ, ಮನೆಯ ಫೋಟೋ ಯಾವುದೂ ಮರಳಿ ಬಾರದು. ಸಾಮಾನ್ಯವಾಗಿ ಈ ಕೀ ಅದೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಈಗಲೇ ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಪಾರ್ಟಿಶನ್ ಮುಟ್ಟುವ ಮುನ್ನ ಇಷ್ಟು ಮಾಡಿ: ಬೇಕಾದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ. ಬಿಟ್‌ಲಾಕರ್ ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ. ಫಾಸ್ಟ್ ಸ್ಟಾರ್ಟಪ್ ತೆಗೆದು ವಿಂಡೋಸನ್ನು ಪೂರ್ತಿ ಮುಚ್ಚಿ. ವಿಂಡೋಸ್ ವಿಭಾಗವನ್ನು ಅದರದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಕುಗ್ಗಿಸಿ. ಲಿನಕ್ಸಿನದನ್ನು ಪೆನ್ ಡ್ರೈವಿನಿಂದ ಜಿಪಾರ್ಟೆಡ್ ನಡೆಸಿ ಹಿಗ್ಗಿಸಿ. ನಡುವೆ ಕರೆಂಟ್ ಹೋದರೆ ಕೆಲಸ ಕೆಡುತ್ತದೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಇಲ್ಲವಾದರೆ ಯುಪಿಎಸ್ ಇರಲಿ.

ಪಾಲಕರಿಗೊಂದು ಮಾತು. ಮಕ್ಕಳು ಡಿಸ್ಕ್ ಬಿಚ್ಚಿ ಜೋಡಿಸಲು ಹೊರಟರೆ ತಡೆಯಬೇಡಿ, ಕಲಿಕೆ ಅಲ್ಲೇ ಇದೆ. 'ನಕಲು ಇಟ್ಟುಕೊಂಡೆಯಾ?' ಎಂದು ಮಾತ್ರ ಮೊದಲೇ ಕೇಳಿ.