ಅಳಿಸಿದರೆ ಮುಗಿಯಿತೇ?

ಹಾವೇರಿ ಜಿಲ್ಲೆಯ ರೈತರೊಬ್ಬರು 2022ರ ಜನವರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. 2024ರ ನವೆಂಬರಿನಲ್ಲಿ ಬಿಜೆಪಿ ಸಂಸದ ತೇಜಸ್ವಿ ಸೂರ್ಯ ಆ ಸಾವಿಗೆ ವಕ್ಫ್ ಜಮೀನಿನ ತಕರಾರನ್ನು ತಳುಕು ಹಾಕಿದ ವರದಿಯನ್ನು ಎಕ್ಸ್‌ನಲ್ಲಿ ಹಂಚಿಕೊಂಡರು. ಸಾಲ ಮತ್ತು ಬೆಳೆನಷ್ಟವೇ ಕಾರಣವೆಂದು ಜಿಲ್ಲಾ ಪೊಲೀಸರು ಸ್ಪಷ್ಟನೆ ಕೊಟ್ಟರು, ಪೋಸ್ಟ್ ಮಾಯವಾಯಿತು. ಈ ಪೋಸ್ಟ್‌ಗಾಗಿ ಸೂರ್ಯ ಅವರ ಮೇಲೆ ದಾಖಲಾಗಿದ್ದ ಎಫ್‌ಐಆರ್ ಅನ್ನು ಹೈಕೋರ್ಟ್ ರದ್ದು ಮಾಡಿತು. ಕಾನೂನಿನ ಲೆಕ್ಕ ಅಲ್ಲಿಗೆ ಚುಕ್ತಾ. ಆದರೆ ಬರೆಯುವ ಮುನ್ನ ಹಾವೇರಿಗೆ ಒಂದು ಫೋನ್ ಮಾಡುವುದು ಸಂಸದರೊಬ್ಬರಿಗೆ ಅಷ್ಟು ಕಷ್ಟವಿತ್ತೇ? ಅಳಿಸಿದ ಪೋಸ್ಟ್‌ನ ಸ್ಕ್ರೀನ್‌ಶಾಟ್‌ಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ, ಸ್ಪಷ್ಟನೆ ಮಾತ್ರ ಅಷ್ಟು ದೂರ ಹೋಗುವುದಿಲ್ಲ. ಇದು ಬರೆದವರಿಗೂ ಗೊತ್ತು.

ನೆಪಗಳಂತೂ ಸಿದ್ಧವಾಗಿಯೇ ಇರುತ್ತವೆ. 2019ರ ಮೇ ತಿಂಗಳಲ್ಲಿ ಗೋಡ್ಸೆ ಕುರಿತ ಪೋಸ್ಟ್ ವಿವಾದವಾದಾಗ ಆಗಿನ ಕೇಂದ್ರ ಸಚಿವ ಅನಂತಕುಮಾರ ಹೆಗಡೆ ಖಾತೆಯೇ ಹ್ಯಾಕ್ ಆಗಿದೆ ಎಂದರು. ಅದೇ ಹೊತ್ತಿಗೆ ಅದೇ ಪಕ್ಷದ ಸಂಸದ ನಳಿನ್ ಕುಮಾರ್ ಕಟೀಲ್ ಗೋಡ್ಸೆ, ಕಸಬ್, ರಾಜೀವ್ ಗಾಂಧಿ ಮೂವರನ್ನೂ ‘ಎಷ್ಟು ಜನರನ್ನು ಕೊಂದರು’ ಎಂಬ ಲೆಕ್ಕದಲ್ಲಿ ಅಳೆದು, ಆಮೇಲೆ ಕ್ಷಮೆ ಕೇಳಿದರು. ಅವೆಲ್ಲ ವೈಯಕ್ತಿಕ ಹೇಳಿಕೆಗಳೆಂದ ಆಗಿನ ಬಿಜೆಪಿ ಅಧ್ಯಕ್ಷ ಅಮಿತ್ ಶಾ, ಶಿಸ್ತು ಸಮಿತಿ 10 ದಿನಗಳಲ್ಲಿ ವರದಿ ಕೊಡುತ್ತದೆ ಎಂದಿದ್ದರು. ಆಗಸ್ಟ್‌ನಲ್ಲಿ ಕಟೀಲ್ ಪಕ್ಷದ ರಾಜ್ಯಾಧ್ಯಕ್ಷರಾದರು. ಶಿಸ್ತಿಗೆ ಇಷ್ಟೇ ಬೆಲೆ.

ಕಾಂಗ್ರೆಸ್ಸೇನೂ ಸಾಚಾ ಅಲ್ಲ. 2021ರ ಸಿಂದಗಿ, ಹಾನಗಲ್ ಉಪಚುನಾವಣೆಯ ಕಾಲದಲ್ಲಿ ಪ್ರಧಾನಿಯನ್ನು ‘ಹೆಬ್ಬೆಟ್ಟು ಗಿರಾಕಿ’ ಎಂದು ಜರಿದದ್ದು ಅದರ ರಾಜ್ಯ ಘಟಕದ ಅಧಿಕೃತ ಖಾತೆ. ಆಗ ಆ ಘಟಕದ ಅಧ್ಯಕ್ಷರಾಗಿದ್ದ ಡಿ.ಕೆ. ಶಿವಕುಮಾರ್ ವಿಷಾದಿಸಿದರು ನಿಜ, ಜತೆಗೇ ತಪ್ಪನ್ನು ಅನನುಭವಿ ನಿರ್ವಾಹಕನ ತಲೆಗೆ ಕಟ್ಟಿದರು. ಹೊಗಳಿಕೆ ಬಂದರೆ ನಾಯಕರದು, ಬೈಗುಳ ಬಂದರೆ ಅಡ್ಮಿನ್‌ನದು!

ಕೋರ್ಟುಗಳೇ ಇದನ್ನೆಲ್ಲ ಸರಿಮಾಡಲಿ ಎಂದು ಕೂರುವಂತೆಯೂ ಇಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸಚಿವರ ಮಾತಿಗೆ ಸರ್ಕಾರವನ್ನು ಹೊಣೆ ಮಾಡಲಾಗದೆಂದು ಬಹುಮತದಿಂದ ಹೇಳಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದನ್ನು ಪೂರ್ತಿ ಒಪ್ಪಲಿಲ್ಲ. ತಮ್ಮವರ ನಾಲಿಗೆಗೆ ಪಕ್ಷಗಳೇ ನೀತಿಸಂಹಿತೆ ರೂಪಿಸಬೇಕೆಂದರು. ಯಾವ ಪಕ್ಷವಾದರೂ ಕಿವಿಗೊಟ್ಟ ಲಕ್ಷಣ ಕಾಣುತ್ತಿಲ್ಲ.

ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಅಭ್ಯರ್ಥಿಗಳು ತಮ್ಮ ಸಾಮಾಜಿಕ ಜಾಲತಾಣ ಖಾತೆಗಳ ವಿವರ ಕೊಡಬೇಕು. ಪ್ರಮಾಣ ಮಾಡಿ ನನ್ನದೆಂದ ಖಾತೆ ಎಡವಟ್ಟಾದ ದಿನ ಇನ್ನಾರದೋ ಆಗಕೂಡದು. ಸುಳ್ಳು ಬರೆದವರು ಅದನ್ನು ಸದ್ದಿಲ್ಲದೆ ಅಳಿಸುವ ಬದಲು, ತಪ್ಪೇನೆಂದು ಅದೇ ಖಾತೆಯಲ್ಲಿ, ತಮ್ಮ ಹೆಸರಿನಲ್ಲೇ ಬರೆಯಲಿ. ಅದು ವಾರಗಟ್ಟಲೆ ಮೇಲ್ಗಡೆಯೇ ಇರಲಿ. ಪೋಸ್ಟ್ ಕಂಡ ಕೂಡಲೇ ಶೀರ್ಷಿಕೆ ಕಟ್ಟುವ ನಾವು ಪತ್ರಕರ್ತರೂ, ಮೊದಲು ಆ ಠಾಣೆಗೋ ತಹಶೀಲ್ದಾರರ ಕಚೇರಿಗೋ ಫೋನ್ ಮಾಡೋಣ.