ಪರದೇಶಿಯೂ ಬೆಲ್ಲ-ನೀರೂ

ಕರಾವಳಿಯ ಒಂದು ಇಗರ್ಜಿಯಲ್ಲಿ ಕಳೆದ ಮಳೆಗಾಲದ ಭಾನುವಾರವೊಂದರಂದು, ಬಲಿಪೂಜೆ ಆರಂಭವಾದ ಮೇಲೆ, ತೋಯ್ದ ಅಂಗಿಯ ತರುಣನೊಬ್ಬನು ಮೆಲ್ಲನೆ ಒಳಗೆ ಬಂದು, ಬೆಂಚುಗಳಲ್ಲಿ ಸ್ಥಳವಿದ್ದರೂ ಕುಳ್ಳಿರದೆ, ಕೊನೆಯ ಕಂಬಕ್ಕೆ ಒರಗಿ ನಿಂತುದನ್ನು ಕಂಡೆನು. ಕಟ್ಟಡದ ಕೆಲಸಕ್ಕಾಗಿ ಝಾರ್ಖಂಡದಿಂದ ಬಂದವನೆಂದು ಕಾವಲುಗಾರನಿಂದ ಆಮೇಲೆ ತಿಳಿಯಿತು. ಪೂಜೆ ಮುಗಿದು, ನಾವೆಲ್ಲರೂ ಅಂಗಳದಲ್ಲಿ ಗುಂಪುಗುಂಪಾಗಿ ನಿಂತು ಅಡಕೆಯ ಧಾರಣೆಯನ್ನೂ ಮಕ್ಕಳ ಮದುವೆಯನ್ನೂ ದುಬಾಯಿಯಿಂದ ಬರಲಿರುವವರ ರಜೆಯನ್ನೂ ಕುರಿತು ಮಾತನಾಡುತ್ತಿರುವಾಗ, ಅವನು ಗೋಡೆಯ ಬದಿಯಿಂದಲೇ ಸಾಗಿ ಗೇಟು ದಾಟಿ ಹೊರಟುಹೋದನು. ಅವನನ್ನು ಯಾರೂ ತಡೆಯಲಿಲ್ಲ. ಯಾರೂ ಕರೆಯಲೂ ಇಲ್ಲ. ಕರೆಯದವರಲ್ಲಿ ನಾನೂ ಒಬ್ಬನು.

ನಮ್ಮ ಆಡುನುಡಿಯಲ್ಲಿ ಪರದೇಶಿಯೆಂಬ ಮಾತಿಗೆ ಬೇರೆ ದೇಶದವನೆಂಬ ಅರ್ಥವು ಸವೆದು, ದಿಕ್ಕುದೆಸೆಯಿಲ್ಲದವನೆಂಬ ಅರ್ಥವೇ ಮೇಲಾಗಿ ನಿಂತಿದೆ. ಊರು ಬಿಟ್ಟವನ ಪಾಡೇನೆಂಬುದನ್ನು ಜನರು ತಮ್ಮ ನುಡಿಯಲ್ಲಿಯೇ ಬರೆದಿಟ್ಟಿದ್ದಾರೆ. ಇಸ್ರಾಯೇಲ್ಯರ ಧರ್ಮಶಾಸ್ತ್ರವು ಪರದೇಶಿಯನ್ನು ಪ್ರೀತಿಸಬೇಕೆಂದು ವಿಧಿಸುವಾಗ, ಐಗುಪ್ತದಲ್ಲಿ ಅವರೂ ಒಮ್ಮೆ ಪರದೇಶಿಗಳಾಗಿದ್ದರೆಂಬ ಸ್ಮರಣೆಯನ್ನೇ ಅದಕ್ಕೆ ಕಾರಣವಾಗಿ ಮುಂದಿಡುತ್ತದೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿಯಂತೂ ಯೇಸುವು ಅಂತಿಮ ತೀರ್ಪನ್ನು ವರ್ಣಿಸುತ್ತ, ಬಾಗಿಲಲ್ಲಿ ನಿಂತಿದ್ದ ಪರಕೀಯನೇ ತಾನೆಂದು ತಿಳಿಸುತ್ತಾನೆ. ಆದುದರಿಂದ ಕ್ರೈಸ್ತನ ಪಾಲಿಗೆ ಅಭ್ಯಾಗತನ ಸತ್ಕಾರವು ಉಳ್ಳವನ ಔದಾರ್ಯವಲ್ಲ, ಹಳೆಯ ಋಣವೊಂದರ ಸಂದಾಯ.

ಈ ಋಣಪ್ರಜ್ಞೆಯನ್ನು ದಿನಚರಿಯನ್ನಾಗಿ ಮಾಡಿದವನು 6ನೆಯ ಶತಮಾನದಲ್ಲಿ ಇಟಲಿಯಲ್ಲಿದ್ದ ಸಂತ ಬೆನೆಡಿಕ್ಟನು. ಅವನ ಮಠನಿಯಮದ 53ನೆಯ ಅಧ್ಯಾಯದಂತೆ, ಬಂದವನ ಕೈಗೆ ಮಠಾಧಿಪತಿಯೇ ನೀರೆರೆಯಬೇಕು. ಅವನೂ ಸಹೋದರರೆಲ್ಲರೂ ಕೂಡಿ ಕಾಲು ತೊಳೆಯಬೇಕು. ವಿಶೇಷ ವ್ರತದ ದಿನವಲ್ಲದಿದ್ದರೆ ಮಠಾಧಿಪತಿಯು ಅತಿಥಿಗಾಗಿ ತನ್ನ ಉಪವಾಸವನ್ನೂ ಮುರಿಯಬೇಕು. ಧನಿಕನ ಭಯವೇ ಅವನಿಗೆ ಮರ್ಯಾದೆಯನ್ನು ಗಳಿಸಿಕೊಡುವುದರಿಂದ, ಬಡವರಲ್ಲಿಯೂ ಯಾತ್ರಿಕರಲ್ಲಿಯೂ ಹೆಚ್ಚಿನ ಆಸ್ಥೆಯಿರಬೇಕೆಂದೂ ಅಲ್ಲಿ ವಿಧಿಸಿದೆ. ಬೆನೆಡಿಕ್ಟನು ಲೋಕಾನುಭವವಿಲ್ಲದವನೇನೂ ಅಲ್ಲ. ಮೋಸದ ಶಂಕೆಯಿಂದ, ಶಾಂತಿಚುಂಬನಕ್ಕೆ ಮುನ್ನ ಬಂದವನೊಡನೆ ಪ್ರಾರ್ಥಿಸಬೇಕೆಂದು ಕಟ್ಟಳೆಮಾಡಿದನು. ಎಚ್ಚರವಿರಲಿ, ಆದರೆ ಬಾಗಿಲು ತೆರೆದಿರಲಿ ಎಂಬುದೇ ಅದರ ತಾತ್ಪರ್ಯ.

ನೆನಪು ಬಾಗಿಲನ್ನು ತೆರೆಯಬಲ್ಲುದೆಂಬುದಕ್ಕೆ ಫ್ರಾನ್ಸಿನ ಬೆಟ್ಟದೂರಾದ ಲ ಶಾಂಬೋನ್ ನಿದರ್ಶನವಾಗಿದೆ. 1685ರಲ್ಲಿ ಪ್ರೊಟೆಸ್ಟೆಂಟರ ಹಕ್ಕುಗಳನ್ನು ರಾಜಾಜ್ಞೆಯು ರದ್ದುಗೊಳಿಸಿದಾಗ ಕಿರುಕುಳವನ್ನು ಅನುಭವಿಸಿದವರ ಸಂತತಿಯೇ ಅಲ್ಲಿ ಬಹುಸಂಖ್ಯೆಯಲ್ಲಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹಿಮ ಸುರಿಯುತ್ತಿದ್ದ ರಾತ್ರಿಯೊಂದರಲ್ಲಿ ಯೆಹೂದಿ ಹೆಂಗಸೊಬ್ಬಳು ಬಾಗಿಲು ತಟ್ಟಿದಾಗ, ಪಾದ್ರಿ ಆಂದ್ರೆ ಟ್ರೋಕ್ಮೆಯವರ ಪತ್ನಿ ಮಾಗ್ದಾ ಅವಳನ್ನು ಒಳಗೆ ಕರೆದು ಉಣಬಡಿಸಿದರು. ಒಣಗಲೆಂದು ಬೆಂಕಿಯ ಬಳಿ ಇಟ್ಟ ಅವಳ ಪಾದರಕ್ಷೆಗಳು ಸುಟ್ಟುಹೋಗಲು, ಚರ್ಮವೇ ದುರ್ಲಭವಾಗಿದ್ದ ಆ ದಿನಗಳಲ್ಲಿ ಬೇರೊಂದು ಜೊತೆಯನ್ನು ಹುಡುಕುವ ಕಷ್ಟವೂ ಅವರ ಪಾಲಿಗೆ ಬಂದಿತು. ಆ ಊರೂ ಸುತ್ತಣ ಹಳ್ಳಿಗಳೂ 1944ರ ವರೆಗೆ ಸಾವಿರಾರು ನಿರಾಶ್ರಿತರನ್ನು ಕಾಪಾಡಿದುವು.

ನಮ್ಮ ಕರಾವಳಿಯ ಕಥೆಯೂ ಇದಕ್ಕೆ ದೂರವಲ್ಲ. ಗೋವೆಯಲ್ಲಿ 1560ರಲ್ಲಿ ಸ್ಥಾಪಿತವಾದ ಧರ್ಮವಿಚಾರಣೆಯ ಭೀತಿ, ಕ್ಷಾಮ, ಯುದ್ಧ ಇವುಗಳಿಂದ ಕಂಗೆಟ್ಟು, ಕೊಂಕಣಿ ನುಡಿಯ ಕ್ರೈಸ್ತರು ಗುಂಪುಗುಂಪಾಗಿ ದಕ್ಷಿಣಕ್ಕೆ ನಡೆದುಬಂದರು. ಕೆಳದಿಯ ಅರಸರ ನಾಡಿನಲ್ಲಿ ಅವರಿಗೆ ನೆಲೆ ದೊರೆಯಿತು, ಉಳಲು ಗದ್ದೆ ದೊರೆಯಿತು. ಮನೆಗೆ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲವನ್ನೂ ಒಂದು ಚೆಂಬು ನೀರನ್ನೂ ಕೊಟ್ಟು, ಆಮೇಲೆ ಬಂದ ಕಾರ್ಯವೇನೆಂದು ಕೇಳುವ ಪದ್ಧತಿ ಈ ನೆಲದ್ದು. ಅಂತಹ ನೆಲದಲ್ಲಿ ಅನ್ಯಮತೀಯ ಅರಸರಿಂದಲೂ ನೆರೆಯವರಿಂದಲೂ ಆಶ್ರಯ ಪಡೆದವರ ಮಕ್ಕಳಾದ ನಾವು, ಸ್ವಮತದವನೇ ಕಂಬಕ್ಕೊರಗಿ ನಿಂತಾಗ ಕಾಣದಂತೆ ಇರುವುದು ಕೃತಘ್ನತೆಯಲ್ಲದೆ ಮತ್ತೇನು?

ಭಾಷೆ ಬಾರದೆಂಬುದು ನಮ್ಮ ಮಾಮೂಲು ನೆಪ. ಹೆಸರು ಕೇಳಲು ಎಷ್ಟು ಭಾಷೆ ಬೇಕು? ಸತ್ಕಾರವು ಮತಾಂತರದ ಗಾಳವಾಗಬಾರದೆಂಬ ಆಕ್ಷೇಪವು ಮಾತ್ರ ನ್ಯಾಯವಾದುದು. ಬಂದವನು ಯಾವ ಮತದವನಾದರೂ ಅವನಿಂದ ಏನನ್ನೂ ಅಪೇಕ್ಷಿಸದಿರುವುದೇ ಅದಕ್ಕೆ ತಕ್ಕ ಉತ್ತರ. ಸಮಿತಿಗಳನ್ನು ರಚಿಸುವುದಕ್ಕಿಂತ ಮೊದಲು, ಪ್ರತಿಯೊಂದು ಸಭೆಯೂ ಭಾನುವಾರ ಬಾಗಿಲ ಬಳಿ ಒಬ್ಬರನ್ನು ನಿಲ್ಲಿಸಲಿ. ಒಬ್ಬಂಟಿಯಾಗಿ ಬಂದವನ ಹೆಸರನ್ನೂ ಊರನ್ನೂ ಅವರು ಕೇಳಲಿ, ಬೆಂಚಿನಲ್ಲಿ ಸರಿದು ಸ್ಥಳ ಕೊಡಲಿ, ಪೂಜೆಯ ಅನಂತರ ಒಂದು ಲೋಟ ಚಹಾ ಕುಡಿಸಿ ಕಳುಹಿಸಲಿ. ಇಷ್ಟನ್ನೂ ಮಾಡಲಾರದ ನಾವು ಐಗುಪ್ತದ ಕಥೆಯನ್ನು ಪೀಠದಿಂದ ಓದುವುದರಲ್ಲಿ ಅರ್ಥವಿಲ್ಲ.