ಒಂದು ಯೂನಿಟ್ಟಿನ ಎತ್ತರ
ಈ ವಾರ ಮನೆಗೆ ಕರೆಂಟ್ ಬಿಲ್ಲೂ ಗ್ಯಾಸ್ ಸಿಲಿಂಡರೂ ಒಂದೇ ದಿನ ಬಂದವು. ಒಂದರ ಲೆಕ್ಕ ಯೂನಿಟ್ಟಿನಲ್ಲಿ, ಇನ್ನೊಂದರದು ಕಿಲೋದಲ್ಲಿ. ಚಹಾದ ಜತೆಗಿನ ಬಿಸ್ಕತ್ತಿನದು ಕ್ಯಾಲೊರಿಯಲ್ಲಿ. ಮೂರೂ ಶಕ್ತಿಯೇ, ಆದರೆ ಕೊಳ್ಳುವವನಿಗೆ ಹೋಲಿಸಿ ನೋಡಲು ದಾರಿಯಿಲ್ಲ. ಎಲ್ಲದರ ಮೇಲೂ ಯೂನಿಟ್ಟೇ ಅಚ್ಚಾಗಲಿ ಎಂಬುದು ನನ್ನ ವಾದ. ಆಗ 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 180, ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಇರುವುದು ಕಣ್ಣಿಗೆ ಬೀಳುತ್ತದೆ. (ಒಲೆಯಲ್ಲೂ ಎಂಜಿನ್ನಿನಲ್ಲೂ ಎಷ್ಟು ವ್ಯರ್ಥವಾಗುತ್ತದೆ ಎಂಬುದು ಬೇರೆಯೇ ಜಗಳ.) ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್: 60 ಕಿಲೋ ತೂಕದ ಆಳನ್ನು ಸಮುದ್ರಮಟ್ಟದಿಂದ ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರಕ್ಕೆ ಮೂರು ಸಲ ಎತ್ತಿದರೂ ಸ್ವಲ್ಪ ಮಿಗುತ್ತದೆ. ಎರಡು ಕಿಲೋವ್ಯಾಟ್ ಗೀಸರ್ ಅಷ್ಟನ್ನೂ ಅರ್ಧ ಗಂಟೆಯಲ್ಲಿ ನುಂಗುತ್ತದೆ.